ಪಡಸಾಲೆ ಬಡವರದು, ಅಡುಗೆಮನೆ ಶ್ರೀಮಂತರದು

ನಾನು ಹಾವಿಗೆ ಹೆದರಿದವಳಲ್ಲ, ಗುಡುಗಿಗೆ ಹೆದರಿದವಳಲ್ಲ, ಅತ್ತೆಗಂತೂ ಹೆದರಿದವಳೇ ಅಲ್ಲ (ಅತ್ತೆಯೇ ನನಗೆ ಹೆದರುತ್ತಿದ್ದರು ಎಂದು ಓಣಿಯವರು ಹೇಳುತ್ತಾರೆ, ಓಣಿಯವರ ಮಾತು ಬಿಡಿ). ಆದರೆ ಹೋದ ಶ್ರಾವಣದಲ್ಲಿ ಗದಗಿನಿಂದ ಒಂದು ಫೋನು ಬಂತು ನೋಡಿ, ಅವತ್ತಿನಿಂದ ನನ್ನ ಎದೆ ನಮ್ಮ ಖಾರದ ಗಿರಣಿಯ ಹಾಗೆ ದಡದಡ ಬಡಿದುಕೊಳ್ಳಲು ಶುರುವಾಯಿತು.

ಗಿರಣಿ ಅಂದೆನಲ್ಲ, ಅದು ನನ್ನ ಹಿರಿಯ ಮಗ ಮುತ್ತಣ್ಣನದು. ಲಕ್ಷ್ಮೇಶ್ವರದಲ್ಲಿ ಮೆಣಸಿನಕಾಯಿ ಕುಟ್ಟಿ ಖಾರಪುಡಿ ಮಾಡಿಕೊಡುತ್ತಾನೆ. ಬೇಸಿಗೆಯಲ್ಲಿ ಊರೆಲ್ಲ ನಮ್ಮ ಬಾಗಿಲಿಗೆ ಬಂದು ಸೀನುತ್ತದೆ. ಮಳೆಗಾಲದಲ್ಲಿ ಗಿರಣಿಯೊಳಗೆ ಬೆಕ್ಕು ಮಲಗುತ್ತದೆ. ಅಂಥ ಗಿರಣಿಯ ಗಳಿಕೆಯಲ್ಲೇ ಓದಿ ಅವನ ಮಗಳು ಅಂಕಿತಾ ಗದಗಿನಲ್ಲಿ ನರ್ಸಿಂಗ್ ಸೀಟು ಹಿಡಿದಳು. ಸೀಟು ಹಿಡಿಯುವುದು ಅವಳ ಕೆಲಸವಾಗಿತ್ತು, ಮಾಡಿದಳು. ಫೀ ತುಂಬುವುದು ನಮ್ಮ ಕೆಲಸ. ಅಲ್ಲಿಗೆ ಬಂದು ಗಾಡಿ ನಿಂತಿತು.

ಬಡ ಮನೆಯ ಹೆಣ್ಣುಮಕ್ಕಳಿಗೆ ಓದು ಮುಗಿಯುವ ತನಕ ಫೀ ಕಟ್ಟುವ ಒಂದು ಟ್ರಸ್ಟು ಇದೆಯಂತೆ. ಅಂಕಿತಾ ತಾನೇ ಕಂಪ್ಯೂಟರಿನ ಮುಂದೆ ಕೂತು ಅರ್ಜಿ ತುಂಬಿದಳು, ಆದಾಯದ ಸರ್ಟಿಫಿಕೇಟು ತಂದಳು, ಎಲ್ಲ ಮಾಡಿದಳು. ಉಳಿದದ್ದು ಒಂದೇ. ಅದನ್ನೇ ಆ ಫೋನಿನವರು ಹೇಳಿದರು: "ನಿಮ್ಮ ಮನೆಗೆ ಬಂದು ನೋಡುತ್ತೇವೆ. ಯಾವತ್ತು ಅಂತ ಹೇಳುವುದಿಲ್ಲ." ಅವರು ಹ್ಞೂಂ ಅಂದರೆ ಅಂಕಿತಾ ಗದಗಿಗೆ, ಉಹ್ಞೂಂ ಅಂದರೆ ಅಪ್ಪನ ಗಿರಣಿಗೆ.

ಹೇಳದೆ ಬರುವವರನ್ನು ಕಂಡರೆ ನನಗೆ ಮೊದಲಿಂದ ಆಗುವುದಿಲ್ಲ. ಅದರ ಮೇಲೆ ಪಕ್ಕದ ಮನೆಯ ಕಾಂಚನಾ ಬಂದು ಉರಿಯುವ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು.

"ಆಯಿ, ಶಿಗ್ಲಿ ಊರಾಗ ನಮ್ಮ ತಂಗಿ ಮನಿ ಬಾಜೂಕ ಯಾರೋ ಹಿಂಗ ಬಂದಿದ್ರಂತ. ಸೀದಾ ಹೋಗಿ ಪಡಸಾಲ್ಯಾಗ ಇದ್ದ ಫ್ರಿಜ್ಜು ತಗದು ನೋಡಿದ್ರಂತ. ಒಳಗ ಏನಿತ್ತು ಹೇಳ್ರಿ?"

"ಏನಿತ್ತ?"

"ದ್ರಾಕ್ಷಿ! ದ್ರಾಕ್ಷಿ ತಿನ್ನೋರಿಗೆ ಧರ್ಮದ ರೊಕ್ಕ ಯಾಕ ಅಂದವರ ಎದ್ದು ಹ್ವಾದ್ರಂತ."

ಅವತ್ತಿನಿಂದ ನಮ್ಮ ಮನೆಯ ಒಂದೊಂದು ಸಾಮಾನೂ ನನ್ನ ಕಣ್ಣಿಗೆ ಕಳ್ಳಮಾಲಿನ ಹಾಗೆ ಕಾಣತೊಡಗಿತು. ಫ್ರಿಜ್ಜು ಸೊಸೆಯ ತವರಿನದು, ಆದರೂ ಫ್ರಿಜ್ಜೇ. ಟಿ.ವಿ. ಹಳೆಯದು, ಆದರೂ ಬಣ್ಣದ್ದು. ಕುಕ್ಕರ್ ಸೀಟಿ ಹೊಡೆದರೆ ಪೊಲೀಸರೇ ಬಂದರೆಂದು ಮೈ ನಡುಗುತ್ತಿತ್ತು. ಟಿ.ವಿ.ಯನ್ನು ಕೌದಿಯಲ್ಲಿ ಸುತ್ತಿ ಕಾಂಚನಾಳ ಮನೆಗೆ ಸಾಗಿಸಿದೆ. (ಅದರಲ್ಲಿ ಅವಳು ಧಾರಾವಾಹಿ ನೋಡಿದ್ದು ಬೇರೆ ಮಾತು.)

ಮುತ್ತಣ್ಣ ತಲೆ ಚಚ್ಚಿಕೊಂಡ. "ಯವ್ವಾ, ನಾವೇನು ಸುಳ್ಳ ಹೇಳಾಕ ಹತ್ತೀವೇನು? ಉತ್ಪನ್ನದ ಸರ್ಟಿಫಿಕೇಟು ಖರೇನ ಐತಿ. ಇದ್ದಂಗ ಇದ್ರ ಆತು."

"ಇದ್ದಂಗ ಇದ್ದು ಯಾರು ಉದ್ಧಾರ ಆಗ್ಯಾರಲೇ? ನಿಮ್ಮಪ್ಪ ಇದ್ದಂಗ ಇದ್ದ, ಇದ್ದಂಗ ಹ್ವಾದ."

ಇಷ್ಟೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಆದರೆ ನನಗೆ ಇನ್ನೊಬ್ಬ ಮಗನಿದ್ದಾನೆ, ಮೌನೇಶ. ಅಣ್ಣನ ಜೊತೆ ಗಿರಣಿಯಲ್ಲೇ ದುಡಿಯುತ್ತಾನೆ. ಮೂವತ್ತೈದು ದಾಟಿದೆ, ಲಗ್ನವಿಲ್ಲ. ಈಗಿನ ಕಾಲಕ್ಕೆ ಹೆಣ್ಣು ಹೆತ್ತವರು ನೌಕರಿಯವರನ್ನೇ ಕೇಳುತ್ತಾರೆ. ಇವನನ್ನು ನೋಡಲು ಬರುತ್ತಾರೆ, ಸೀನುತ್ತಾರೆ, ಹೋಗುತ್ತಾರೆ. ಅಂಥದರಲ್ಲಿ ಹಮ್ಮಿಗಿಯ ಸಕ್ರಪ್ಪನವರು ತಮ್ಮ ಮಗಳು ವಾಣಿಶ್ರೀಯನ್ನು ಕೊಡುವ ಮನಸ್ಸು ಮಾಡಿ, ಗಂಡಹೆಂಡತಿ ಇಬ್ಬರೂ ಭಾನುವಾರ ನಮ್ಮ ಮನೆ ನೋಡಲು ಬರುತ್ತೇವೆಂದು ಖಬರು ಕಳಿಸಿದರು.

ನನ್ನ ಸೊಸೆ ಶಿವಲಕ್ಷ್ಮಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅತ್ತೀ, ಟಿ.ವಿ. ಹೊಳ್ಳಿ ತರಸ್ರಿ. ಬೀಗರು ಬಂದಾಗ ಗ್ವಾಡಿಗೆ ಬರೇ ಮೊಳಿ ಇದ್ರ ಹೆಂಗ?"

"ಅವತ್ತ ಟ್ರಸ್ಟಿನವರು ಬಂದ್ರ?"

"ಐತವಾರ ಯಾವ ಆಫೀಸರು ಬರ್ತಾರ್ರಿ?"

"ಹೇಳದ ಬರೋರು ಐತವಾರನ ಬರ್ತಾರ. ಕಳ್ಳರೂ ಹಂಗ."

"ಹಂಗಾರ ಏನ್ ಮಾಡೂಣು? ಒಂದ ಮನಿ, ಮುಂಜಾನಿ ಬಡವರು, ಮಧ್ಯಾಹ್ನ ಶ್ರೀಮಂತರು ಆಗಾಕ ಬರತೈತೇನ್ರಿ?"

ಅವಳು ಹಂಗಿಸಲು ಅಂದದ್ದು. ನನ್ನ ತಲೆಯಲ್ಲಿ ಮಾತ್ರ ದೀಪ ಹತ್ತಿಕೊಂಡಿತು.

ನೋಡಿ, ಹೆಣ್ಣಿನ ತಾಯಿ ಯಾವ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ನುಗ್ಗುತ್ತಾಳೆ. ಮಗಳ ಆಯುಷ್ಯ ಕಳೆಯುವುದು ಅಲ್ಲೇ ಎಂದು ಅವಳಿಗೆ ಗೊತ್ತು. ಆಫೀಸರ್ ಮಂದಿ ಪಡಸಾಲೆಯಲ್ಲಿ ಕೂತು ಕಾಗದ ಬರೆಯುತ್ತಾರೆ, ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅಂದಮೇಲೆ ಪಡಸಾಲೆ ಬಡತನದಲ್ಲಿರಲಿ, ಅಡುಗೆಮನೆ ಐಶ್ವರ್ಯದಲ್ಲಿರಲಿ! ನಾಲ್ಕನೇ ಇಯತ್ತೆಯ ತನಕ ಕಲಿತ ನನ್ನ ತಲೆಯಿಂದ ಇಂಥ ಮಹಾಯೋಜನೆ ಹುಟ್ಟಿತಲ್ಲ ಎಂದು ನಾನೇ ಬೆರಗಾದೆ.

ಭಾನುವಾರ ಬೆಳಗ್ಗೆ ಯೋಜನೆ ಜಾರಿಗೆ ಬಂತು. ಫ್ರಿಜ್ಜು ಅಡುಗೆಮನೆಗೆ ಸರಿಯಿತು, ತಾಮ್ರದ ಹಂಡೆಗಳು ಹುಣಸೆಹಣ್ಣು ತಿಂದು ಹೊಳೆದವು. ಪಡಸಾಲೆಯಲ್ಲಿ ಹರಕು ಜಮಖಾನೆ, ಅದರ ಮೇಲೆ ತೇಪೆ ಹಾಕಿದ ಸೀರೆಯಲ್ಲಿ ನಾನು. ಶಿವಲಕ್ಷ್ಮಿಗೆ ರೇಷ್ಮೆ ಸೀರೆ. ಅಂಕಿತಾಳಿಗೂ ಹಸಿರು ಇಳಕಲ್ ಸೀರೆ, ತಲೆತುಂಬ ಮಲ್ಲಿಗೆ.

"ಆಯಿ, ನಾ ಯಾಕ ಸೀರಿ ಉಡಬೇಕು?" ಎಂದಳು ಹುಡುಗಿ.

"ನೀ ಅಡಿಗಿಮನಿ ಕಡೆಯಾಕಿ. ಸುಮ್ಮ ಉಡು."

ಮೌನೇಶ ಒಗೆದ ಅಂಗಿಯನ್ನೇ ಮತ್ತೆ ಒಗೆದು ಹಾಕಿಕೊಂಡು ಕೋಣೆಯ ಬಾಗಿಲ ಹಿಂದೆ ನಿಂತ. ಮುತ್ತಣ್ಣನನ್ನು ನಾನೇ ಗಿರಣಿಗೆ ಅಟ್ಟಿದೆ. ಅವನು ಖರೆ ಹೇಳುವ ಮನುಷ್ಯ. ಇಂಥ ಹೊತ್ತಿನಲ್ಲಿ ಅಂಥವರು ಮನೆಯಲ್ಲಿದ್ದರೆ ಅಪಾಯ.

ಬೀಗರು ಬಂದರು. ನಾನು ಅಂದುಕೊಂಡಂತೆಯೇ ಸಕ್ರಪ್ಪನ ಹೆಂಡತಿ ಕಾಲು ತೊಳೆದವಳೇ ಅಡುಗೆಮನೆಗೆ ನಡೆದಳು. ಒಳಗಿನಿಂದ "ಅಯ್ಯ, ಹಂಡೆ ಎಷ್ಟು ಚಂದ ಅದಾವ!" ಎಂಬ ಉದ್ಗಾರವೂ ಬಂತು. ಗೆದ್ದೆ ಎಂದುಕೊಂಡೆ. ಆದರೆ ಹೆಣ್ಣಿಗೆ ತಾಯಿಯ ಹಾಗೆ ತಂದೆಯೂ ಇರುತ್ತಾನೆಂಬುದು ನನ್ನ ಯೋಜನೆಯಲ್ಲಿ ಇರಲಿಲ್ಲ. ಸಕ್ರಪ್ಪ ಜಮಖಾನೆಯ ತೂತಿನ ಪಕ್ಕದಲ್ಲಿ ಜಾಗ ನೋಡಿ ಕೂತು, ಗೋಡೆಯ ಮೊಳೆ ನೋಡಿದ, ನನ್ನ ಸೀರೆಯ ತೇಪೆ ನೋಡಿದ.

"ಮನಿ ಭಾಳ ಸಾದಾ ಐತ್ರಿ," ಎಂದ.

"ಒಳಗ ಬರ್ರಿ, ಅಡಿಗಿಮನಿ ನೋಡ್ರಿ!"

"ಗಂಡಸು ನಾ. ಅಡಿಗಿಮನ್ಯಾಗ ಏನ್ ನೋಡ್ಲಿ?"

ಅಷ್ಟರಲ್ಲಿ ಬಾಗಿಲಲ್ಲಿ ಸ್ಕೂಟಿ ನಿಂತ ಸದ್ದಾಯಿತು. ಕನ್ನಡಕ ಹಾಕಿದ, ಕೂದಲು ನರೆತ ಹೆಣ್ಣುಮಗಳೊಬ್ಬಳು ಚೀಲ ಹಿಡಿದು ಒಳಗೆ ಬಂದಳು. "ಅಂಕಿತಾನ ಮನಿ ಇದ ಏನ್ರಿ? ಟ್ರಸ್ಟಿನಿಂದ ಬಂದೀನಿ. ಸಾಲಿ ಕಲಿಸಿ ರಿಟೈರ್ ಆದಾಕಿ ನಾ, ಅಕ್ಕೋರು ಅಂತ ಕರೀರಿ." ಅಂದವಳೇ ಸಕ್ರಪ್ಪನ ಪಕ್ಕದಲ್ಲೇ ಕೂತಳು.

ನನ್ನ ರಕ್ತವೆಲ್ಲ ಇಳಿದು ಹಿಮ್ಮಡಿಗೆ ಬಂತು.

ಅಕ್ಕೋರು ಪೆನ್ನು ತೆಗೆದರು. "ಅಜ್ಜಿ, ಗಿರಣಿಯಿಂದ ವರ್ಷಕ್ಕ ಎಷ್ಟು ಉತ್ಪನ್ನ ಬರತೈತ್ರಿ?"

ಸಕ್ರಪ್ಪನೂ ಅದನ್ನೇ ಕಾಯುತ್ತಿದ್ದವನ ಹಾಗೆ ಮುಂದೆ ಸರಿದು ಕುತ್ತಿಗೆ ಚಾಚಿದ. ಪ್ರಶ್ನೆ ಒಂದು, ಕೇಳುವ ಮಂದಿ ಎರಡು ಕಡೆಯವರು. ಹೆಚ್ಚು ಹೇಳಿದರೆ ಮೊಮ್ಮಗಳ ಓದು ಹೋಯಿತು, ಕಡಿಮೆ ಹೇಳಿದರೆ ಮಗನ ಲಗ್ನ ಹೋಯಿತು. ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವ ಮೊದಲೇ ನನ್ನ ಕೈ ಎದ್ದು ಕಿವಿಯ ಹಿಂದೆ ಹೋಗಿ ನಿಂತಿತು.

"ಆಂ?" ಎಂದೆ.

"ಉತ್ಪನ್ನ ಎಷ್ಟು ಅಂದೆ!"

"ಆಂ? ನೀರು ಬೇಕಾ?"

ಹೀಗೆ ನಾನು ಕಿವುಡಿಯಾದೆ.

ಕೂಗಾಟ ಕೇಳಿ ಸಕ್ರಪ್ಪನ ಹೆಂಡತಿ ಹೊರಗೆ ಬಂದಳು. "ಏನ್ರೀ, ಯಾಕ ಒದರಾಕ ಹತ್ತೀರಿ?"

"ಮುದುಕಿಗೆ ಕಿವಿ ಕೇಳಂಗಿಲ್ಲ. ಅದಕ್ಕ ಆಗಲೇ ನನಗ ಅಡಿಗಿಮನಿ ನೋಡ್ರಿ ಅಂದ್ಲು," ಎಂದ ಸಕ್ರಪ್ಪ.

ಆ ಹೆಂಗಸಿನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಪರೀಕ್ಷೆ ಮಾಡಲು ನನ್ನ ಬೆನ್ನ ಹಿಂದೆ ಬಂದು ನಿಂತಳು. "ಮಾರಿ ನೋಡಿದ್ರ ಗೊತ್ತಾಗತೈತಿ, ಹರೇದಾಗ ದೊಡ್ಡ ಜಗಳಗಂಟಿ ಇದ್ದಿರಬೇಕು." ನಾನು ಗೋಡೆಯ ಮೊಳೆಯನ್ನು ನೋಡಿ ಮುಗುಳ್ನಕ್ಕೆ. (ಆ ಒಂದು ನಗೆಗೆ ನನ್ನ ಅರ್ಧ ಆಯುಷ್ಯ ಖರ್ಚಾಯಿತು.) "ಖರೇನ ಕೇಳಂಗಿಲ್ಲ ನೋಡ್ರಿ!" ಎಂದು ಗಂಡನ ಪಕ್ಕ ಕೂತು ಪಿಸುಗುಟ್ಟಿದಳು, "ಅತ್ತಿ ಕಿವುಡಿ ಇದ್ರ ನಮ್ಮ ವಾಣಿ ರಾಣಿ ಇದ್ದಂಗ. ಗ್ವಾಡಿಗೆ ಟಿ.ವಿ. ಇಲ್ಲದಿದ್ರ ನಾವ ಕೊಡಸೂಣು."

ಈಗ ಅಕ್ಕೋರ ಕಡೆಯದೊಂದು ಉಳಿಯಿತು ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಅಂಕಿತಾ ಬಂದಳು. ಹಸಿರು ಸೀರೆ, ಮಲ್ಲಿಗೆ, ತಗ್ಗಿಸಿದ ತಲೆ, ಕೈಯಲ್ಲಿ ಚಹಾದ ತಟ್ಟೆ. ಅವಳ ಹಿಂದೆ ಅರಿಶಿನ ಕುಂಕುಮ ತೆಂಗಿನಕಾಯಿ ಹಿಡಿದು ರೇಷ್ಮೆಯ ಶಿವಲಕ್ಷ್ಮಿ.

ಅಕ್ಕೋರ ಪೆನ್ನು ನಿಂತಿತು. ಹುಡುಗಿಯನ್ನು ನೋಡಿದರು, ಬೀಗರನ್ನು ನೋಡಿದರು, ತೆಂಗಿನಕಾಯಿ ನೋಡಿದರು. ಪುಸ್ತಕ ಮುಚ್ಚಿದರು.

"ಆತು. ನನಗೆಲ್ಲಾ ತಿಳೀತು. ನಿಮ್ಮ ಉತ್ಪನ್ನ ಕಾಗದದಾಗ ಐತಿ, ಸುಮ್ಮ ಮಾತಿಗೆ ಕೇಳಿದ್ದೆ. ನಾ ಫ್ರಿಜ್ಜು, ಟಿ.ವಿ. ನೋಡಾಕ ಬರಂಗಿಲ್ಲ. ಹುಡುಗೀನ ಕಡೀತನಕ ಓದಸ್ತಾರೋ, ನಡುವ ಲಗ್ನಾ ಮಾಡಿ ಕಳಸ್ತಾರೋ, ಅಷ್ಟ ನೋಡಾಕ ಬರ್ತೀನಿ. ಹೋದ ವರ್ಷ ಹಿಂಗ ಮೂರು ಹುಡುಗ್ಯಾರು ಓದು ಬಿಟ್ಟು ಹ್ವಾದ್ರು."

ದೇವರೇ! ದ್ರಾಕ್ಷಿಗೆ ಹೆದರಿ ನಾನು ಮಲ್ಲಿಗೆ ಮುಡಿಸಿದ್ದೆ!

ಅಕ್ಕೋರು ನನ್ನ ಕಿವಿಗೆ ಬಾಯಿಟ್ಟು ಕಿರುಚಿದರು: "ಅಜ್ಜಿ! ಈ ಹುಡುಗೀ ಲಗ್ನಾ ಮಾಡಾಕ ಹತ್ತೀರೇನು?"

ಕಿವಿಯಲ್ಲಿ ಗುಂಯ್ ಎಂದಿತು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಎದುರಿಗೆ ಸಕ್ರಪ್ಪನ ಹೆಂಡತಿ ರೆಪ್ಪೆ ಬಡಿಯದೆ ನನ್ನ ಕಿವಿಗಳನ್ನೇ ನೋಡುತ್ತಿದ್ದಾಳೆ. ಬಾಗಿಲ ಸಂದಿಯಲ್ಲಿ ಮೌನೇಶನ ಒಂದು ಕಣ್ಣು. ಶಿವಲಕ್ಷ್ಮಿ ತೆಂಗಿನಕಾಯಿ ಹಿಡಿದು ಕಂಬವಾಗಿದ್ದಾಳೆ. ಅಂಕಿತಾ ಚಹಾದ ತಟ್ಟೆ ಕೆಳಗಿಟ್ಟಳು. ಅವಳು ನನ್ನನ್ನು ನೋಡಿದಳು. ಅರ್ಜಿ ತುಂಬುವಾಗ ಗಟ್ಟಿಯಿದ್ದ ಹುಡುಗಿ. ಈಗ ಕಣ್ಣ ತುಂಬ ನೀರು.

ಹಾಳಾಗಿ ಹೋಗಲಿ ಮೌನೇಶನ ಲಗ್ನ ಎಂದು ನಾನು ಬಾಯಿ ತೆರೆದೆ. ಖರೆ ಹೇಳುತ್ತೇನೆ, ತೆರೆದೆ. ನನಗಿಂತ ಮೊದಲು ಸಕ್ರಪ್ಪ ಎದ್ದು ನಿಂತ.

"ತಡೀರಿ ಅಕ್ಕೋರ! ನಮ್ಮ ಮ್ಯಾಲೆ ಹಿಂಥಾ ಆಪಾದನಿ ಬ್ಯಾಡ್ರಿ. ನಾವು ಈ ಹುಡುಗೀನ ಒಯ್ಯಾಕ ಬಂದವರಲ್ಲ. ನಮ್ಮ ಮಗಳನ್ನ ಈಕಿ ಕಾಕಾಗ ಕೊಡಾಕ ಬಂದವರು!"

ಬಾಗಿಲು ದಡಾರನೆ ತೆರೆಯಿತು. "ಕೊಟ್ರಂತ! ವೈನಿ, ಸಕ್ಕರಿ ತಗೊಂಡ್ ಬರ್ರಿ!" ಎಂದು ಮೌನೇಶ ಹೊರಗೆ ಹಾರಿದ.

"ಅಲ್ಲಲ್ಲ, ನಾ ಹಂಗ ಅಂದಿದ್ದಲ್ಲ, ಇನ್ನಾ ವಿಚಾರ ಮಾಡಿ..." ಎಂದ ಸಕ್ರಪ್ಪ.

ಹೆಂಡತಿ ಅವನ ಧೋತ್ರ ಜಗ್ಗಿ ಕೂರಿಸಿದಳು. "ಸುಮ್ಕ ಬಾಯಿ ತಗೀರಿ. ಹಿಂಥಾ ಅತ್ತಿ ಮತ್ತ ಸಿಗತಾಳೇನು?" ತೆರೆದ ಬಾಯಿಗೆ ಸಕ್ಕರೆ ಬಿತ್ತು. ನಮ್ಮಲ್ಲಿ ಸಕ್ಕರೆ ಬಿದ್ದ ಮೇಲೆ ಮಾತು ಮುಗಿಯಿತು.

ಅಕ್ಕೋರು ನಕ್ಕು ಪುಸ್ತಕ ಮತ್ತೆ ತೆರೆದರು. "ಓದತಿ ಏನು ತಂಗಿ?"

"ಓದತೀನ್ರಿ."

"ನಡುವ ಬಿಟ್ಟರ?"

"ನೀವ ಬಂದು ನನ್ನನ್ನ ನಮ್ಮ ಗಿರಣ್ಯಾಗ ಕುಂಡ್ರಸ್ರಿ." ಅಕ್ಕೋರು ಅದನ್ನೂ ಬರೆದುಕೊಂಡು ಚಹಾ ಕುಡಿದು ಹೋದರು. ಹೋಗುವ ಮೊದಲು ನನ್ನನ್ನು ನೋಡಿ ಇನ್ನೂ ಏನೋ ಬರೆದುಕೊಂಡಿದ್ದರು. ಅದೇನೆಂದು ಆಗ ನಾನು ಕೇಳುವ ಹಾಗಿರಲಿಲ್ಲ.

ಅಂಕಿತಾಳ ಫೀ ಕಟ್ಟಿಯಾಯಿತು. ಬಿಳಿ ಕೋಟು ತೊಟ್ಟು ಫೋಟೋ ಕಳಿಸಿದ್ದಾಳೆ. ಮೌನೇಶನ ಲಗ್ನವಾಯಿತು, ವಾಣಿಶ್ರೀ ಸೀನದೆ ಸಂಸಾರ ಮಾಡುತ್ತಿದ್ದಾಳೆ. ಎಲ್ಲರದೂ ಚೆನ್ನಾಯಿತು. ನಾನೊಬ್ಬಳು ಮಾತ್ರ ಕಿವುಡಿಯಾಗಿಯೇ ಉಳಿದೆ. ಈಗ ಕಿವಿ ಬಂತೆಂದರೆ ಹಮ್ಮಿಗಿಯಿಂದ ಬೀಗಿತಿ ಬರುತ್ತಾಳಲ್ಲ, ಆ ಭಯ. (ವಾಣಿಶ್ರೀ ಪುಸ್ತಕ ಓದುವವಳಲ್ಲ. ನೀವೂ ಯಾರೂ ಓದಿ ಹೇಳಬೇಡಿ.) ಹಾಲಿನವನು ನನ್ನೆದುರಿಗೇ ನೀರಿನ ಲೆಕ್ಕ ಮಾತಾಡುತ್ತಾನೆ. ಕಾಂಚನಾ ನನ್ನ ಪಕ್ಕದಲ್ಲೇ ಕೂತು ನನ್ನ ಸುದ್ದಿ ಹೇಳುತ್ತಾಳೆ. ಎಲ್ಲ ಕೇಳುತ್ತದೆ, ಎಲ್ಲ ನೆನಪಿರುತ್ತದೆ, ಒಂದಕ್ಕೂ ಉತ್ತರ ಕೊಡುವ ಹಾಗಿಲ್ಲ.

ಅಕ್ಕೋರು ಬರೆದುಕೊಂಡದ್ದು ಏನೆಂದು ಮೊನ್ನೆ ತಿಳಿಯಿತು. ಗದಗಿನಲ್ಲಿ ಪುಕ್ಕಟೆ ಕಿವಿ ತಪಾಸಣೆ ಇದೆಯಂತೆ, ಯಾದಿಯಲ್ಲಿ ನನ್ನದೇ ಮೊದಲ ಹೆಸರಂತೆ. ವಾಣಿಶ್ರೀ ತಾನೇ ಕೈಹಿಡಿದು ಕರೆದೊಯ್ಯುತ್ತೇನೆಂದು ಕುಣಿಯುತ್ತಿದ್ದಾಳೆ. ಅದೇನೋ ಯಂತ್ರ ಹಚ್ಚಿ ನೋಡುತ್ತಾರಂತೆ, ಯಂತ್ರಕ್ಕೆ ಸುಳ್ಳು ಹೇಳುವುದು ಹೇಗೆ? ಮತ್ತೆ ಎದೆ ದಡದಡ ಶುರುವಾಗಿದೆ.

ನಿನ್ನೆ ನಾನೂ ಇಬ್ಬರು ಸೊಸೆಯರೂ ಅಂಗಳದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆವು. ವಾಣಿಶ್ರೀ ನನ್ನ ತಲೆಯ ಮೇಲಿಂದಲೇ ಶಿವಲಕ್ಷ್ಮಿಗೆ ಹೇಳಿದಳು: "ಅಕ್ಕಾ, ಅತ್ತಿ ಎಷ್ಟು ಶಾಂತ ಅದಾರಲ್ರಿ! ಒಂದು ಮಾತಿಗೂ ಎದುರಾಡಂಗಿಲ್ಲ. ನೀವು ಬಂದಾಗಿಂದ ಹಿಂಗ ಅದಾರೇನು?"

ಖರೆ ಗೊತ್ತಿರುವ ಶಿವಲಕ್ಷ್ಮಿ ಸೊಪ್ಪು ಕೆಳಗಿಟ್ಟಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಅಕ್ಷರ ಬಿಡಿಸಿ, ಸಾವಕಾಶವಾಗಿ ಹೇಳಿದಳು:

"ಹ್ಞೂಂ ತಂಗಿ. ನಾ ಬಂದ ದಿನದಿಂದ ಇವತ್ತಿನತನಕ ನಮ್ಮತ್ತಿ ನನಗ ಒಂದ ಒಂದು ಮಾತು ಅಂದಾರೇನು? ಬೇಕಾದ್ರ ಅವರನ್ನ ಕೇಳು. ಅಲ್ಲೇನ್ರಿ ಅತ್ತೀ?"

ನಾನು ಒಂದು ಹಿಡಿ ಮೆಂತ್ಯವನ್ನು ಕಡ್ಡಿ ಸಮೇತ ಬಾಯಿಗೆ ತುರುಕಿಕೊಂಡು ಅಗಿಯತೊಡಗಿದೆ.