ಕಿವಿರಾಯನ ಎರಡು ಡಿಸ್ಕುಗಳು

ಸಂಗೀತದ ಹುಚ್ಚಿರುವವರ ಜೊತೆ ಬಾಡಿಗೆ ಮನೆ ಹಂಚಿಕೊಂಡವರಿಗೆ ಒಂದಲ್ಲ ಒಂದು ಪ್ರಸಂಗ ಎದುರಾಗುತ್ತಲೇ ಇರುತ್ತದೆ. ನನ್ನ ಗೆಳೆಯನಿಗಿದ್ದದ್ದು ಸಂಗೀತದ ಹುಚ್ಚು ಕೂಡ ಅಲ್ಲ, ಅದು ಎಷ್ಟು ಚೊಕ್ಕವಾಗಿ ಕೇಳಿಸುತ್ತದೆ ಎನ್ನುವುದರ ಹುಚ್ಚು. ಹಾಗಾಗಿ ನನ್ನ ಪಾಲಿಗೆ ಅಂಥ ಪ್ರಸಂಗಗಳು ಸ್ವಲ್ಪ ಹೆಚ್ಚೇ ಬಂದವು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ನಮ್ಮಿಬ್ಬರಿಗೂ ವಡೋದರದ ಮಕರಪುರದಲ್ಲಿ ಕೆಲಸ. ಮೈಸೂರಿನ ಅವನು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ, ಹುಬ್ಬಳ್ಳಿಯ ನಾನು ಪಂಪಿನ ಕಾರ್ಖಾನೆಯಲ್ಲಿ. ವಾಸ ಗೋರ್ವಾದ ಒಂದು ಹೌಸಿಂಗ್ ಸೊಸೈಟಿಯಲ್ಲಿ. ಮದುವೆಯಾಗದ ಹುಡುಗರಿಗೆ ಅಲ್ಲಿ ಯಾರೂ ಮನೆ ಕೊಡುತ್ತಿರಲಿಲ್ಲ. ಕೊಟ್ಟ ಪುಣ್ಯಾತ್ಗಿತ್ತಿ ಪಕ್ಕದ ಮನೆಯ ಗುಜರಾತಿ ಚಿಕ್ಕಮ್ಮ, ಎಲ್ಲರ ಬಾಯಲ್ಲೂ ಮಾಸಿ. ಅವರೇ ನಮ್ಮ ಓನರು. ಅವರದು ಎರಡೇ ಷರತ್ತು: ಮೊಟ್ಟೆ ಬೇಡ, ಹೆಣ್ಣು ಬೇಡ.

ಗೆಳೆಯನಿಗೆ ನಾನಿಟ್ಟ ಹೆಸರು ಕಿವಿರಾಯ. ಹಡಗಿನ ಕೆಲಸದಲ್ಲಿದ್ದ ಅವನ ಸೋದರಮಾವ ಸಿಂಗಾಪುರದಿಂದ ಒಂದು ಪ್ಲೇಯರ್ ತಂದುಕೊಟ್ಟಿದ್ದರು. ಅದರ ಜೊತೆ ಒಂದೇ ಇಟಾಲಿಯನ್ ಒಪೆರಾದ ಎರಡು ಡಿಸ್ಕು. ಒಂದು ಮಾಮೂಲಿ ಸಿಡಿ, ಇನ್ನೊಂದು ಆಗ ತಾನೇ ಬಂದಿದ್ದ ಸೂಪರ್ ಆಡಿಯೋ ಸಿಡಿ. ಹಾಡಿದವರು ಅವರೇ, ಹಾಡೂ ಅದೇ, ಕೊನೆಯಲ್ಲಿ ಕಥಾನಾಯಕಿ ಬಹಳ ಹೊತ್ತು ಹಾಡಿ ಸಾಯುವುದೂ ಅದೇ. ಹೊಸದರಲ್ಲಿ ದನಿ ಹೆಚ್ಚು ನಿಜವಾಗಿ ಕೇಳುತ್ತದೆ ಎಂಬುದು ಕಿವಿರಾಯನ ವಾದ. ಆಫೀಸಿನವರೆಲ್ಲ ನಕ್ಕಿದ್ದರು. ಮಾಮೂಲಿ ಕಿವಿಯ ಒಬ್ಬರಾದರೂ "ಹೌದು, ವ್ಯತ್ಯಾಸ ಇದೆ" ಎಂದರೆ ಸಾಕು ಎನ್ನುವುದಷ್ಟೇ ಅವನ ಆಸೆಯಾಗಿತ್ತು. "ನಂಗೇ ಭ್ರಮೆ ಏನೋ ಕಣೋ" ಎಂದು ಒಂದು ದಿನ ಅವನು ಸಣ್ಣ ದನಿಯಲ್ಲಿ ಕೇಳಿದಾಗ ನನಗೆ ನಿಜಕ್ಕೂ ಪಾಪ ಅನ್ನಿಸಿತು. ನನಗೂ ಎರಡೂ ಒಂದೇ ಥರ ಕೇಳುತ್ತಿದ್ದವು, ಏನು ಹೇಳಲಿ?

ಸೆಕೆ

ಮೇ ತಿಂಗಳು. ನಮ್ಮ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಸತ್ಯನಾರಾಯಣ ಪೂಜೆಗೆ ಕರೆಯಲು ಬಂದರು. ಬಂದವರನ್ನು ಕಿವಿರಾಯ ಬಿಡುವವನಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದ ಜಾಗದಲ್ಲೇ ಕುರ್ಚಿ ಹಾಕಿ ಅವರನ್ನು ಕೂರಿಸಿದ. ಕಿಟಕಿ ಮುಚ್ಚಿದ. ಸದ್ದು ಮಾಡುತ್ತದೆಂದು ಫ್ರಿಜ್ಜು ಆರಿಸಿದ. ಕಡೆಗೆ ಫ್ಯಾನನ್ನೂ ಆರಿಸಿದ.

ಒಂದು ಡಿಸ್ಕಿನಲ್ಲಿ ನಾಯಕಿ ಸತ್ತಳು. ಡಿಸ್ಕು ಬದಲಾಯಿತು. ಮತ್ತೆ ಸತ್ತಳು. ಅಧಿಕಾರಿಗಳ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಯಾವುದು ಚೆನ್ನಾಗಿತ್ತು ಸಾರ್?"

"ಮೊದಲನೇದೇ ಇರ್ಲಪ್ಪ. ಅದರಲ್ಲಿ ಆಕೆ ಬೇಗ ಹೋದಳು."

"ಎರಡೂ ಅಷ್ಟೇ ಹೊತ್ತು ಸಾರ್."

"ಹಾಗಾದ್ರೆ ಎರಡನೇದರಲ್ಲಿ ಸೆಕೆ ಜಾಸ್ತಿ."

ಪೂಜೆಯ ದಿನ ಅವರ ಮನೆಗೆ ಹೋದಾಗ ನಮ್ಮನ್ನು ನೇರವಾಗಿ ಫ್ಯಾನಿನ ಕೆಳಗೆ ಕೂರಿಸಿದರು, ಒಳ್ಳೆಯ ಮನುಷ್ಯ.

ಇಲಾಖೆ

ಅಹಮದಾಬಾದಿನಲ್ಲಿ ಕಿವಿರಾಯನ ದೂರದ ಅಣ್ಣನೊಬ್ಬ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ವಿಜ್ಞಾನಿಯಾದರೂ ಹೌದು ಎನ್ನಬಹುದೆಂದು ಒಂದು ಭಾನುವಾರ ಪ್ಲೇಯರನ್ನು ರಜಾಯಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆವು. ಅಣ್ಣ ಗುಜರಿ ಬಜಾರಿನಿಂದ ಒಂದು ಹಳೆಯ ಆಸಿಲೋಸ್ಕೋಪ್ ತಂದಿಟ್ಟುಕೊಂಡಿದ್ದ. ಸದ್ದನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಯಂತ್ರ ಅದು. ಆದರೆ ಸ್ಪೀಕರು ಮೊಳಗಿದರೆ ಮೇಜು ನಡುಗುತ್ತಿತ್ತು, ಮೇಜು ನಡುಗಿದರೆ ನೋಡಲು ಆಗುತ್ತಿರಲಿಲ್ಲ. ಅಣ್ಣ ಸ್ಪೀಕರಿನ ವೈರು ಕಿತ್ತುಬಿಟ್ಟ. ಇಬ್ಬರೂ ತುಟಿ ಬಿಚ್ಚದೆ ಗೆರೆ ನೋಡುತ್ತ ಕೂತರು.

ಅಲ್ಲೇ ಹುಟ್ಟಿ ಬೆಳೆದ ಅಣ್ಣನ ಮಗಳು ಬಂದು, "ಅಂಕಲ್, ಟಿವಿ ಬಗಡೀ ಗಯುಂ?" ಎಂದು ಕೇಳಿದಳು. ಕೆಟ್ಟುಹೋಯಿತೇ ಎಂದು ಅರ್ಥ. ಅತ್ತಿಗೆ ಕಾಫಿ ತಂದರು.

"ಏನ್ರೀ, ಹಾಡು ಹಾಕೋದಿಲ್ವಾ?"

"ಶ್, ಕೇಳಿ ಹೋಲಿಸ್ತಾ ಇದೀವಿ" ಎಂದ ಅಣ್ಣ.

ಮಧ್ಯಾಹ್ನದ ಊಟ ಆರಿದ ಮೇಲೆ ತೀರ್ಪು ಬಂತು. ಹೊಸ ಡಿಸ್ಕಿನ ಗೆರೆ ಬೇರೆ ಥರ ಇದೆ. ಕಿವಿರಾಯ ಕುರ್ಚಿಯಿಂದ ಎದ್ದೇಬಿಟ್ಟ.

"ಹಾಗಾದ್ರೆ ಕಿವಿಗೂ ವ್ಯತ್ಯಾಸ ಗೊತ್ತಾಗುತ್ತೆ ಅಂತಾಯ್ತಲ್ಲ ಅಣ್ಣಾ?"

"ಕಿವಿ ನಮ್ಮ ಡಿವಿಷನ್ನಿಗೆ ಬರಲ್ಲಪ್ಪ" ಎಂದು ಅಣ್ಣ ಊಟಕ್ಕೆ ಎದ್ದ.

ಬೂದು ಸದ್ದು

ಸೂರತ್ತಿನ ಪಾಂಡೇಸರಾದ ಒಂದು ಮಿಲ್ಲಿಗೆ ನಮ್ಮ ಪಂಪು ಹೋಗುತ್ತಿತ್ತು. ಅಲ್ಲಿನ ಡೈಯಿಂಗ್ ಮಾಸ್ತರು ನಮ್ಮ ರಾಣೇಬೆನ್ನೂರು ಕಡೆಯವರು. ಬಟ್ಟೆಯ ಬಣ್ಣ ಒಂದಕ್ಕೊಂದು ಕೂಡುತ್ತದೋ ಇಲ್ಲವೋ ನೋಡಿ ಹೇಳುವುದೇ ಅವರ ಕಸುಬು. ಹೋಲಿಸುವವರೆಂದರೆ ಇವರಪ್ಪ ಎಂದು ಕಿವಿರಾಯ ರಜಾಯಿ ಸಮೇತ ನನ್ನ ಹಿಂದೆ ಬಂದ.

ಮಾಸ್ತರು ತಮ್ಮ ಮನೆಯಲ್ಲಿ ಮೊದಲ ಡಿಸ್ಕು ಕೇಳಿ ಕೈ ಎತ್ತಿದರು. "ತಡೀರಿ. ನಮ್ಮ ಮಿಲ್ಲಿನ್ಯಾಗ ಎರಡು ಶೇಡ್ ಒಂದರ ಹಿಂದ ಒಂದು ನೋಡೂದಿಲ್ಲ, ಕಣ್ಣು ಮೋಸ ಹೋಗತಾವ. ನಡುವ ಒಂದು ಬೂದು ಅರಿವಿ ನೋಡತೀವಿ. ಕಿವಿಗೂ ಒಂದು ಬೂದು ಸದ್ದು ಬೇಕು."

ಮನೆಯಲ್ಲಿ ಬೂದು ಸದ್ದು ಯಾವುದು? ಹುಡುಕಿ ಹುಡುಕಿ ಮಿಕ್ಸಿ ಎಂದು ತೀರ್ಮಾನವಾಯಿತು. ಒಂದು ಡಿಸ್ಕು, ನಡುವೆ ಮಿಕ್ಸಿ, ಆಮೇಲೆ ಇನ್ನೊಂದು ಡಿಸ್ಕು. ಊರಿನಿಂದ ಬಂದಿದ್ದ ಮಾಸ್ತರ ತಾಯಿ ಬಾಗಿಲಲ್ಲಿ ನಿಂತು ನೋಡಿದರು. "ಖಾಲಿ ಯಾಕ ತಿರಗಸ್ತೀರಿ?" ಎಂದು ಅದರೊಳಗೆ ಹುರಿದ ಶೇಂಗಾ, ಖಾರದಪುಡಿ, ಬೆಳ್ಳುಳ್ಳಿ ಹಾಕಿದರು. ಪರೀಕ್ಷೆ ಮುಂದುವರಿಯಿತು.

ಮಾಸ್ತರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, "ಎರಡೂ ಒಂದ ಲಾಟ್. ಪಾಸ್" ಎಂದರು. ಕಿವಿರಾಯನ ಮುಖ ಇಳಿದುಹೋಯಿತು. ಅದನ್ನು ಕಂಡು ಅಜ್ಜಿ ಅವನ ಹತ್ತಿರ ಬಂದರು.

"ನನ್ನ ಕೇಳಪಾ ತಮ್ಮಾ, ನಾ ಹೇಳತೀನಿ. ನಡುವಿಂದು ಭಾಳ ಛಲೋ ಇತ್ತು. ಅದರಾಗ ಚಟ್ನಿಯರೆ ಆತು."

ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟರು. ವಾಪಸು ರೈಲಿನಲ್ಲಿ ಕಿವಿರಾಯ ಅದನ್ನು ಮುಟ್ಟಲೇ ಇಲ್ಲ. ನಾನು ಮುಟ್ಟಿದೆ.

ಮೂರನೆಯ ಷರತ್ತು

ಅದಾದ ಮೇಲಿನ ಭಾನುವಾರ ನಮ್ಮ ಬಾಗಿಲನ್ನು ಯಾರೋ ದಡದಡ ಬಡಿದರು. ಸೊಸೈಟಿಯ ಅಧ್ಯಕ್ಷರು, ಸೆಕ್ರೆಟರಿ, ಹಿಂದೆ ಮಾಸಿ. ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ಟರು, ಒಂದೇ ಮಾತಿನ ಮನುಷ್ಯ.

"ಒಳಗಿರೋ ಹುಡುಗೀನ ಆಚೆ ಕಳಿಸಿ."

ಯಾವ ಹುಡುಗಿ ಎಂದು ಇಬ್ಬರೂ ಕೇಳಿದೆವು. ಮಾಸಿಯೇ ಬಿಡಿಸಿ ಹೇಳಿದರು.

"ನನ್ನ ಅಡುಗೆಮನೆ ಗೋಡೆಗೆ ಎಲ್ಲ ಕೇಳುತ್ತೆ. ಮೊದಲು ಮಶೀನು ಅಳುತ್ತೆ. ಅದಕ್ಕೆ ನಂದೇನೂ ತಕರಾರಿಲ್ಲ. ಸ್ವಲ್ಪ ಹೊತ್ತಿಗೆ ನಿಜವಾದ ಹುಡುಗಿ ಅಳ್ತಾಳೆ. ಅವಳ ದನಿ ಮುಚ್ಚಿಹಾಕೋಕೆ ಮೊದಲೇ ಮಶೀನು ಹಾಕ್ತೀರಿ, ನಂಗೊತ್ತಿಲ್ವಾ?"

ಬಚ್ಚಲು, ಮಂಚದ ಕೆಳಗು, ಅಟ್ಟ ಎಲ್ಲ ಹುಡುಕಿದರು. ಯಾರೂ ಇಲ್ಲ. ಹಿಂದಿನ ಬಾಗಿಲಿನಿಂದ ಕಳಿಸಿರಬೇಕು ಎಂದರು ಸೆಕ್ರೆಟರಿ. ತಿಂಗಳ ಕೊನೆಗೆ ಮನೆ ಖಾಲಿ ಎಂದರು ಅಧ್ಯಕ್ಷರು. ಈ ಸೊಸೈಟಿಯಿಂದ ಇಂಥ ಕಾರಣಕ್ಕೆ ಹೊರಬಿದ್ದರೆ ಗೋರ್ವಾದಲ್ಲಿ ಯಾವ ಬಾಗಿಲೂ ತೆರೆಯುವುದಿಲ್ಲ.

ಕಿವಿರಾಯನ ಕಡೆ ನೋಡಿದೆ. ಮುಖ ಅರಳಿಹೋಗಿತ್ತು.

"ಮಾಸಿ, ಇನ್ನೊಂದು ಸಲ ಹೇಳಿ. ಎರಡನೇದು ನಿಜವಾದ ಹುಡುಗಿ ಥರ ಕೇಳಿಸ್ತಾ?"

"ಥರ ಏನು ಬಂತು? ನಿಜವಾದ ಹುಡುಗೀನೇ."

"ಲೇ, ಮನಿ ಹೊಂಟೈತಿ" ಎಂದೆ ಕನ್ನಡದಲ್ಲಿ.

"ಮನೆ ಇನ್ನೊಂದು ಸಿಗುತ್ತೆ ಕಣೋ. ಇಂಥ ಕಿವಿ ಸಿಗುತ್ತಾ?"

ನಾನೇ ಅಧ್ಯಕ್ಷರ ಕೈಕಾಲು ಹಿಡಿದು ಕೂರಿಸಿ ಎರಡೂ ಡಿಸ್ಕು ಹಾಕಿ ತೋರಿಸಿದೆ. ಕೇಳಿದರು. "ಎರಡೂ ಮಶೀನೇ. ಎರಡೂ ಒಂದೇ. ಮುಗೀತು" ಎಂದು ಎದ್ದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನು ಚಹಾಕ್ಕೆ ನೀರಿಟ್ಟೆ.

ಕಿವಿರಾಯ ಅವರನ್ನು ಬಾಗಿಲಲ್ಲೇ ಅಡ್ಡಗಟ್ಟಿದ. "ಒಂದೇ ಅಂತ ಹೇಗೆ ಹೇಳ್ತೀರಿ ಕಾಕಾ? ಮಶೀನು ಕಣ್ಣೆದುರಿಗಿದೆ, ಅದಕ್ಕೆ ಹಾಗನ್ನಿಸ್ತು. ಮಾಸಿಯ ಅಡುಗೆಮನೆಯಿಂದ ಕೇಳಿ, ಆಗ ಹೇಳಿ."

ಬಿಡುಗಡೆಯಾದ ಆರೋಪಿ ತನ್ನ ಮೇಲೇ ಮೇಲ್ಮನವಿ ಹಾಕಿದ್ದನ್ನು ನಾನು ಅವತ್ತೇ ನೋಡಿದ್ದು. ಎಲ್ಲರೂ ಮಾಸಿಯ ಅಡುಗೆಮನೆಗೆ ನಡೆದರು. ಡಿಸ್ಕು ಹಾಕಲು ಉಳಿದವನು ನಾನೊಬ್ಬನೇ. ನಾನೇನು ಪೆದ್ದನೇ? ಎರಡು ಸಲವೂ ಹಳೆಯದನ್ನೇ ಹಾಕಿದೆ.

ವಾಪಸು ಬಂದ ಅಧ್ಯಕ್ಷರು, "ಅಲ್ಲಿಂದಲೂ ಎರಡೂ ಮಶೀನೇ" ಎಂದರು. ಕಿವಿರಾಯನ ಕಣ್ಣಲ್ಲಿ ನೀರು ನಿಂತಿತ್ತು. ಅಷ್ಟರಲ್ಲಿ ಮಾಸಿ ನನ್ನನ್ನು ದುರುಗುಟ್ಟಿ ನೋಡಿದರು.

"ಎರಡು ಸಲವೂ ಆ ಮಶೀನೇ ಅತ್ತಿತು. ಹುಡುಗೀನ ಎಲ್ಲಿ ಬಚ್ಚಿಟ್ಟೆ?"

ಕಿವಿರಾಯ ಓಡಿಹೋಗಿ ಪ್ಲೇಯರ್ ತೆರೆದು ನೋಡಿದ. ಹಳೆಯ ಡಿಸ್ಕು. ನನ್ನನ್ನು ಬೈಯಲೂ ಇಲ್ಲ. ಹೊಸದನ್ನು ಹಾಕಿದ, ಹಿಂದಿನ ಬಾಗಿಲಿಗೆ ಚಿಲಕ ಹಾಕಿದ, ನನ್ನನ್ನು ಆಚೆ ಎಳೆದ, ಮುಂದಿನ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅಧ್ಯಕ್ಷರಿಗೆ ಕೊಟ್ಟ. ಎಲ್ಲರೂ ಗೋಡೆಗೆ ಕಿವಿ ಕೊಟ್ಟು ನಿಂತೆವು. ಬೀಗ ಹಾಕಿದ ಖಾಲಿ ಮನೆಯಿಂದ ನಾಯಕಿಯ ದನಿ ಎದ್ದಿತು.

"ಇವಳೇ" ಎಂದರು ಮಾಸಿ.

ಅಧ್ಯಕ್ಷರು ಬೀಗದ ಕೈ ನೋಡಿದರು, ಗೋಡೆ ನೋಡಿದರು, ಒಳಗೆ ಹೆಣ್ಣಿಲ್ಲ ಎಂದು ಒಪ್ಪಿಕೊಂಡರು. ಮನೆ ಉಳಿಯಿತು. ನನಗೆ ಅದಕ್ಕಿಂತ ಹೆಚ್ಚು ಸಂತೋಷವಾದದ್ದು ಕಿವಿರಾಯನ ಮುಖ ನೋಡಿ. ಕೊನೆಗೂ ಒಂದು ಮಾಮೂಲಿ ಕಿವಿ ಸಿಕ್ಕಿತ್ತು.

"ಹಾಗಾದ್ರೆ ಹೊಸದೇ ಚೆನ್ನಾಗಿದೆ ಅಲ್ವಾ ಮಾಸಿ?"

ಮಾಸಿ ಮಗನಿಗೆ ಸವರಿದ ಹಾಗೆ ಅವನ ತಲೆ ಸವರಿದರು. "ಚೆನ್ನಾಗಿದೆ ದೀಕರಾ. ಆದ್ರೆ ಹಳೇದು ಅತ್ತರೆ ನನ್ನ ಪಾಡಿಗೆ ನಾನು ರೋಟ್ಲಿ ಬೇಯಿಸ್ತಾ ಇರ್ತೀನಿ. ಹೊಸದು ಅತ್ತರೆ ಪಾಪ ಆ ಹುಡುಗಿಗೆ ಏನಾಯ್ತೋ ಅಂತ ಕೈ ನಿಂತುಹೋಗುತ್ತೆ. ಇಷ್ಟು ದಿನದಿಂದ ನನ್ನ ಮನೇಲಿ ಸೀದ ರೋಟ್ಲೀನೇ ತಿಂತಾ ಇದೀವಿ. ಇನ್ಮೇಲೆ ಮೂರು ಷರತ್ತು. ಮೊಟ್ಟೆ ಬೇಡ, ಹೆಣ್ಣು ಬೇಡ, ಹೊಸ ಡಿಸ್ಕು ಬೇಡ."