ಸಾನ್ವಿಯ ಬೀಳದ ಹಲ್ಲು

ಊರ ಮಕ್ಕಳ ಬಾಯನ್ನೆಲ್ಲ ಇಣುಕಿ ನೋಡುವ ನಾನು ಸ್ವಂತ ಮಗಳ ಬಾಯನ್ನು ಎಂಟು ತಿಂಗಳಿಂದ ನೋಡಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ಹಲ್ಲು ಕಂಡರೆ ನಿಮ್ಮ ವಯಸ್ಸನ್ನೂ ಹೇಳಿಬಿಡುತ್ತೇನೆ. ಅಫಜಲಪುರದಲ್ಲಿ ನನ್ನದು ಹಲ್ಲಿನ ದವಾಖಾನೆ. ಜನನದ ದಾಖಲೆಯಿಲ್ಲದ ಮಕ್ಕಳನ್ನು ಕರೆತರುತ್ತಾರೆ. ಹುಟ್ಟಿದ್ದು ಯಾವಾಗ ಎಂದರೆ, "ತೊಗರಿ ರಾಶಿ ನಡದಿತ್ರಿ" ಎನ್ನುತ್ತಾರೆ. ಯಾವ ವರ್ಷದ ತೊಗರಿ ಎಂಬುದು ಮಾತ್ರ ನೆನಪಿರುವುದಿಲ್ಲ. ಬಿದ್ದ ಹಲ್ಲು, ಬಂದ ಹಲ್ಲು ನೋಡಿ, "ಸುಮಾರು ಎಂಟು, ಒಂದು ವರ್ಷ ಹಿಂದೆ ಮುಂದೆ" ಎಂದು ಬರೆದು ಸಹಿ ಹಾಕುತ್ತೇನೆ. ಆ ಹಿಂದೆ ಮುಂದೆಯ ಮೇಲೆಯೇ ನನ್ನ ಮರ್ಯಾದೆ ನಿಂತಿದೆ.

ನಮ್ಮ ಓಣಿಯ ಮಕ್ಕಳ ಕಾನೂನಿನಲ್ಲಿ ಹಿಂದೆ ಮುಂದೆ ಇಲ್ಲ. ಒಂದು ಹಲ್ಲಾದರೂ ಬಿದ್ದವರು ದೊಡ್ಡವರು. ಬೀಳದವರು ಸಣ್ಣವರು, ಲಗೋರಿಯಲ್ಲಿ ಲೆಕ್ಕಕ್ಕಿಲ್ಲ. ಸಣ್ಣವರು ಓಡಬಹುದು, ಕೂಗಬಹುದು. ಚೆಂಡು ಬಡಿದರೂ ಔಟಾಗುವುದಿಲ್ಲ. ಆರೂವರೆ ವರ್ಷದ ಸಾನ್ವಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಒಂದು ಸಂಜೆ ಅಳುತ್ತ ಬಂದಳು. "ಮಮ್ಮಿ, ಊರ ಮಂದಿಗೆಲ್ಲ ಬರ್ದು ಕೊಡ್ತಿ. ನಾ ದೊಡ್ಡಾಕಿ ಅಂತ ನನಗೂ ಒಂದು ಬರ್ದು ಕೊಡು." ಮುಂದಿನ ಹಲ್ಲುಗಳನ್ನು ಅಲ್ಲಾಡಿಸಿ ನೋಡಿದೆ. ಒಂದೂ ಕದಲಲಿಲ್ಲ. "ಕೆಲವ್ರಿಗೆ ತಡಾ ಆಗ್ತದವಾ" ಎಂದೆ. ದವಾಖಾನೆಯಲ್ಲಿ ಎಲ್ಲರೂ ನಂಬುವ ಆ ಮಾತನ್ನು ಅವಳು ನಂಬಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಕಸಿವಿಸಿಯಾಯಿತು.

ಅಷ್ಟರಲ್ಲಿ ಮಣ್ಣೂರಿನಿಂದ ಮಾವನವರು ಬಂದರು. ದನದ ತುಟಿ ಸರಿಸಿ ವಯಸ್ಸು ಹೇಳುವುದರಲ್ಲಿ ಪಳಗಿದವರು. ಮೊಮ್ಮಗಳ ಗೋಳು ಕೇಳಿ, ಕೈ ತೊಳೆದುಕೊಂಡು ಬಂದು, ಅವಳ ದವಡೆಯ ತುದಿಯವರೆಗೂ ಬೆರಳಾಡಿಸಿದರು. "ಏನ್ ಡಾಕ್ಟ್ರವ್ವಾ, ಬರೇ ಮುಂದಿನವೇ ನೋಡೀದ್ಯೇನು? ಹಿಂದ ಹೊಸಾದು ಬಂದದ ನೋಡು!" ಹೌದು, ಆರನೆಯ ವರ್ಷದ ದವಡೆಹಲ್ಲು. ಯಾವ ಹಲ್ಲನ್ನೂ ಬೀಳಿಸದೆ, ಸದ್ದಿಲ್ಲದೆ ಬಂದು ಕೂತಿತ್ತು. ಕಾಲೇಜಿನ ಪರೀಕ್ಷೆಯಲ್ಲಿ ಅದರ ಬಗ್ಗೆಯೇ ಎರಡು ಪುಟ ಬರೆದಿದ್ದವಳು ನಾನು. ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಸಾನ್ವಿ ಬಾಯಿ ತೆರೆದುಕೊಂಡೇ ಓಣಿಗೆ ಓಡಿದಳು. ಟಾರ್ಚ್ ಹಿಡಿದು ವಿಚಾರಣೆ ನಡೆದು, ಹೊಸ ದವಡೆಹಲ್ಲು ಬಂದವರೂ ದೊಡ್ಡವರೇ ಎಂದು ಅರ್ಜಿ ಮಂಜೂರಾಯಿತು. ಮೊದಲ ಚೆಂಡಿಗೇ ಔಟಾಗಿ, ಕುಣಿಯುತ್ತ ಮನೆಗೆ ಬಂದಳು. ಹಿಂದೆಯೇ ಟಾರ್ಚ್ ಸಮೇತ ಇಡೀ ಓಣಿ. "ಆಂಟಿ, ನಿಮ್ದೂ ತೋರಸ್ರಿ." ತೋರಿಸಿದ್ದಷ್ಟೇ ಅಲ್ಲ, ಹದಿನೆಂಟರ ಸುಮಾರಿಗೆ ಬರಬೇಕಾದ ಕಡೆಯ ದವಡೆಹಲ್ಲು ನನಗೆ ಮೂವತ್ತಾರಾದರೂ ಬಂದಿಲ್ಲವೆಂದು ಪಾಠವನ್ನೂ ಮಾಡಿಬಿಟ್ಟೆ. ಮಕ್ಕಳು ಮುಖ ಮುಖ ನೋಡಿಕೊಂಡರು.

ಈಗ ಭಾನುವಾರ ನಾನೂ ಲಗೋರಿಗೆ ಹೋಗುತ್ತೇನೆ. ಚೆಂಡು ಬೆನ್ನಿಗೆ ಬಡಿಯುತ್ತದೆ. ಯಾರೂ ಔಟ್ ಎಂದು ಕೂಗುವುದಿಲ್ಲ. "ಬಿಡ್ರಲೇ, ನಮ್ಮ ಮಮ್ಮಿ ಇನ್ನಾ ಸಣ್ಣಾಕಿ ಅದಾಳ" ಎಂದು ಸಾನ್ವಿಯೇ ಹೇಳುತ್ತಾಳೆ.