ಮೊದಲ ತುತ್ತು ನಾರಪ್ಪನದು

ನಾರಪ್ಪ ಹಿಂದೂಪುರದ ತನ್ನ ಮನೆ ಜಗಲಿಯಲ್ಲಿ ಕೂತು ಕರಿಯನ ಮುದ್ದೆಗೆ ನಾರಿನ ಪುಡಿ ಕಲಸುತ್ತಿದ್ದ. ಕರಿಯ ಎಂಬ ನಾಯಿಗೆ ಸಕ್ಕರೆ ಕಾಯಿಲೆ. ದಿನಾ ಸೂಜಿ, ಜತೆಗೆ ದನದ ಡಾಕ್ಟ್ರು ಬರೆದ ಈ ಪುಡಿ. ಆದರೆ ನಾರಪ್ಪ ಮೊದಲು ತಿಂದು ನಗದಿದ್ದರೆ ಕರಿಯ ಏನನ್ನೂ ಮುಟ್ಟನು. ನಾರಪ್ಪ ಮರದ ಹೊಟ್ಟಿನಂಥ ಒಂದು ತುತ್ತು ನುಂಗಿ, ಮದುವೆ ಫೋಟೋಗೆ ನಿಂತವನಂತೆ ನಕ್ಕ. ಕರಿಯ ನಂಬಿ ತಿಂದ.

ನಾಯಿ ಅವನ ಅಕ್ಕನದು. ಕಲ್ಯಾಣದುರ್ಗದ ಆದಿಲಕ್ಷ್ಮಮ್ಮ ಚಿಕಿತ್ಸೆಗೆಂದು ಬಿಟ್ಟುಹೋಗಿದ್ದಳು. ಅವಳಿಗೆ ಕಿವಿ ಮಂದ, ಫೋನು ಆಗದು. ಉಗಾದಿಗೆ ಬಂದಾಗ ತನ್ನ ವಿಳಾಸ ಬರೆದ ಅಂಚೆ ಕಾರ್ಡು ಕೊಟ್ಟು, "ಸಕ್ಕರೆ ಇಳೀದಿದ್ರೆ ಇದನ್ನ ಡಬ್ಬಕ್ಕಾಕು. ನಾನೇ ಕರ್ಕೊಂಡು ಹೋಯ್ತೀನಿ" ಅಂದಿದ್ದಳು. ಸಕ್ಕರೆ ಇಳಿಯಲಿಲ್ಲ. ಕಾರ್ಡು ಜೇಬು ಬಿಡಲಿಲ್ಲ. ಕರಿಯನಿಲ್ಲದ ಜಗಲಿ ನಾರಪ್ಪನಿಗೆ ಬೇಡವಾಗಿತ್ತು.

"ಇವತ್ತೂ ಇಳೀದಿದ್ರೆ ನಾನೇ ಹಾಕ್ತೀನಿ ನೋಡಿ," ಅಂದಳು ಹೆಂಡತಿ ರಮಾದೇವಿ.

ಅವತ್ತು ದನದ ಆಸ್ಪತ್ರೆಯಲ್ಲಿ ಕರಿಯನ ರಕ್ತ ಪರೀಕ್ಷೆ ಇರುವುದು ಬೀದಿಗೆಲ್ಲ ಗೊತ್ತಿತ್ತು. ಪಕ್ಕದ ಮನೆ ಗಂಗುಲಮ್ಮ ಹಾಗಲಕಾಯಿ ರಸ ತಂದಳು.

"ಡಾಕ್ಟ್ರು ಬೇರೇನೂ ಕೊಡಬ್ಯಾಡಿ ಅಂದವ್ರೆ ಕಣಮ್ಮ," ಅಂದ ನಾರಪ್ಪ.

"ಒಂದು ಗುಟುಕಿಗೆ ಡಾಕ್ಟ್ರೇನು ಮನೆಗೆ ಬತ್ತಾರಾ? ಕುಡಿದು ತೋರ್ಸಪ್ಪ."

ನಾರಪ್ಪ ಕುಡಿದ. ಕರಿಯ ಅವನ ಮುಖ ನೋಡಿ ಅತ್ತ ತಿರುಗಿದ.

"ಹಂಗೆ ಮುಖ ಕಿವುಚಿದ್ರೆ ನಾಯಿ ಎಂಗೆ ನಂಬ್ತದೆ? ಇನ್ನೊಂದು ಲೋಟ ಕುಡಿ, ನಗ್ತಾ."

ಅಷ್ಟರಲ್ಲಿ ಎದುರುಮನೆ ಮುತ್ಯಾಲಪ್ಪ ನೇರಳೆ ಬೀಜದ ಪುಡಿ ತಂದ. ಅದೂ ನಾರಪ್ಪನ ಹೊಟ್ಟೆಗೇ ಹೋಯಿತು. ನಾರಪ್ಪನಿಗೂ ಸಕ್ಕರೆ ಕಾಯಿಲೆಯೇ. ಗಡಿಬಿಡಿಯಲ್ಲಿ ತನ್ನ ಮಾತ್ರೆ ನುಂಗಿದ್ದ, ತಿಂಡಿ ಮರೆತಿದ್ದ.

ಆಸ್ಪತ್ರೆಯ ಬೆಂಚಿನ ಮೇಲೆ ಅವನಿಗೆ ಕಣ್ಣು ಕತ್ತಲೆ ಬಂತು. ಹಿಟ್ಟಿನ ಮೂಟೆಯಂತೆ ಕುಸಿದ. ಜತೆಗೆ ಬಂದಿದ್ದ ಮುತ್ಯಾಲಪ್ಪ ಓಡಿಹೋಗಿ ಸಿಹಿ ಬಿಸ್ಕತ್ತಿನ ಪೊಟ್ಟಣ ತಂದ. ಒಂದು ಬಿಸ್ಕತ್ತು ಒಳಗೆ ಹೋದದ್ದೇ ನಾರಪ್ಪನಿಗೆ ಜೀವ ಬಂತು; ಬೆಳಗಿನಿಂದ ಮೊದಲ ಸಲ ಅವನು ನಿಜವಾಗಿ ನಕ್ಕ.

ಕರಿಯನಿಗೆ ಅಷ್ಟು ಸಾಕಾಯಿತು. ರಮಾದೇವಿ ಗಂಡನ ಮುಖಕ್ಕೆ ನೀರು ಚಿಮುಕಿಸುವಷ್ಟರಲ್ಲಿ ಪೊಟ್ಟಣ ಖಾಲಿ.

ಸ್ವಲ್ಪ ಹೊತ್ತಿಗೆ ಕರಿಯನ ರಕ್ತ ಪರೀಕ್ಷೆ ಆಯಿತು. ಸಕ್ಕರೆ ಮೊದಲಿಗಿಂತ ಮೇಲೇರಿತ್ತು.

"ಏಮಂಡಿ ನಾರಪ್ಪನೋರೆ, ನಮ್ಮ ಪುಡಿ ಸರಿಯಾಗೈತೆ, ಸೂಜೀನೂ ಸರಿಯಾಗೈತೆ," ಅಂದರು ಡಾಕ್ಟ್ರು, ಕರಿಯನ ಮೂತಿಗೆ ಅಂಟಿದ್ದ ಬಿಸ್ಕತ್ತಿನ ಚೂರು ಒರೆಸುತ್ತ. "ಸರಿಯಿಲ್ದೋರು ನೀವು. ಇವನನ್ನ ನಿಮ್ಮಕ್ಕನ ಮನೆಗೇ ಕಳಿಸಿ."

ಅಂಚೆ ಡಬ್ಬದ ಮುಂದೆ ನಾರಪ್ಪ ಕಾರ್ಡು ತೆಗೆದು ಬರೆದ: "ಅಕ್ಕಾ, ಬಾ. ನಾನು ಮೊದಲು ತಿನ್ನದಿದ್ದರೆ ಕರಿಯ ಏನೂ ತಿನ್ನಲ್ಲ. ಅದಕ್ಕೆ ಅವನ ಜತೆ ನಾನೂ ಬತ್ತೀನಿ."

ಹೆಗಲ ಮೇಲಿಂದ ಓದಿದ ಮುತ್ಯಾಲಪ್ಪ ಮೆಲ್ಲಗೆ ಕೇಳಿದ: "ನಿಮ್ಮಕ್ಕ ದಿನಾ ಬೆಳಿಗ್ಗೆ ಮನೆಯೋರಿಗೆಲ್ಲ ಚೊಂಬು ತುಂಬ ಬೇವಿನ ಕಷಾಯ ಕುಡಿಸ್ತಾಳೆ. ನೆನಪೈತೇನಪ್ಪ?"

ನಾರಪ್ಪನ ಕೈ ನಿಂತಿತು. ಕರಿಯ ಅವನ ಕಾಲಿಗೆ ಒರಗಿ, ಮುಖವನ್ನೇ ನೋಡುತ್ತಿದ್ದ.

ನಾರಪ್ಪ ಮದುವೆ ಫೋಟೋಗೆ ನಿಂತವನಂತೆ ನಕ್ಕು, ಕಾರ್ಡನ್ನು ಡಬ್ಬಕ್ಕೆ ಹಾಕಿದ.